ಡಿಕನ್‌ಶೀಡಿನ ಪಾದ್ರಿಯೊಂದಿಗೆ ನಾಲ್ಕು ತಾಲ್ಲೂಕು

ದೀಪಾವಳಿ ಕಳೆದ ಮೇಲೆ ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಅರ್ಧ ರಸ್ತೆ ಮೆಕ್ಕೆಜೋಳದ್ದೇ. ಕಣ ಮಾಡುವವರು ಈಗ ಕಡಿಮೆ, ಡಾಂಬರಿನ ಮೇಲೇ ಕಾಳು ಹರವುತ್ತಾರೆ. ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸೊಬ್ಬರು ಬರಿಗಾಲಲ್ಲಿ ಕಾಳಿನ ನಡುವೆ ಸಾಲು ಎಳೆಯುತ್ತಾ ತಿರುವಿಹಾಕುತ್ತಿದ್ದರು. ನಮ್ಮ ಬಸ್ಸು ಹಾರನ್ ಹೊಡೆಯಿತು. ಅವರು ತಲೆ ಎತ್ತಲಿಲ್ಲ. ಕೊನೆಗೆ ಬಸ್ಸೇ ಪಕ್ಕಕ್ಕೆ ಸರಿದು ಹೋಯಿತು.

ಈ ಸೀಮೆ ಸುತ್ತಲು ಹೊರಟಾಗ ನನ್ನ ತಲೆಯಲ್ಲಿದ್ದದ್ದು ಒಬ್ಬ ಹಳ್ಳಿ ಪಾದ್ರಿ. ಸರ್ವಾಧಿಕಾರವನ್ನು ಎದುರಿಸಿದವರ ಚರಿತ್ರೆ ಓದಿದರೆ ಬರ್ಲಿನ್, ದಿಲ್ಲಿ, ಬೆಂಗಳೂರಿನಂಥ ಊರುಗಳ ಹೆಸರೇ ಬರುತ್ತವೆ. ಆದರೆ ಸರ್ವಾಧಿಕಾರ ಜನರ ಮನೆ ಬಾಗಿಲಿಗೆ ಬರುವುದು ತಾಲ್ಲೂಕು ಕಚೇರಿಯ ಮೂಲಕ, ಠಾಣೆಯ ಮೂಲಕ, ಊರಿನ ಮುಖಂಡನ ಮೂಲಕ. ಆಗುವುದಿಲ್ಲ ಎನ್ನುವವರೂ ಅಲ್ಲೇ ಹುಟ್ಟಬೇಕು. ಜರ್ಮನಿಯಲ್ಲಿ ಹಾಗೆ ಹುಟ್ಟಿದವರಲ್ಲಿ ಒಬ್ಬರು ಪೌಲ್ ಶ್ನೈಡರ್. ರೈನ್‌ಲ್ಯಾಂಡಿನ ಡಿಕನ್‌ಶೀಡ್ ಮತ್ತು ವೊಮ್ರಾತ್ ಎಂಬ ಎರಡು ರೈತಾಪಿ ಹಳ್ಳಿಗಳ ಪ್ರಾಟೆಸ್ಟೆಂಟ್ ಪಾದ್ರಿ. ಅವರ ಬದುಕು ಓದಿದಂದಿನಿಂದ ನಮ್ಮ ಕಡೆಯ ಸಣ್ಣ ಊರುಗಳನ್ನು ಅದೇ ಪ್ರಶ್ನೆ ಹಿಡಿದು ನೋಡಬೇಕೆಂಬ ಆಸೆ ನನಗೆ ಗಟ್ಟಿಯಾಯಿತು.

ಶ್ನೈಡರ್ ದೊಡ್ಡ ಪಂಡಿತರಲ್ಲ. 1897ರಲ್ಲಿ ಹುಟ್ಟಿ, ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದು, ಆಮೇಲೆ ತಂದೆಯ ಹಾಗೆ ಪಾದ್ರಿಯಾದವರು. ಹೆಂಡತಿ ಮಾರ್ಗರೆಟ್, ಆರು ಮಕ್ಕಳು. 1934ರ ಜೂನ್‌ನಲ್ಲಿ ಹತ್ತಿರದ ಊರೊಂದರಲ್ಲಿ ಹಿಟ್ಲರ್ ಯುವದಳದ ಹುಡುಗನೊಬ್ಬ ತೀರಿಕೊಂಡ. ಮಣ್ಣು ಮಾಡುವ ಕಾರ್ಯ ಶ್ನೈಡರ್ ಅವರದಾಯಿತು. ಪ್ರಾರ್ಥನೆ ಮುಗಿಯುತ್ತಿದ್ದಂತೆ ನಾಜಿ ಪಕ್ಷದ ಜಿಲ್ಲಾ ಮುಖಂಡ ಮುಂದೆ ಬಂದು, ಈ ಹುಡುಗ ಈಗ ಸ್ವರ್ಗದಲ್ಲಿ ಹೋರ್ಸ್ಟ್ ವೆಸೆಲ್ಲನ ದಳ ಸೇರಿದ್ದಾನೆ ಎಂದ. ಹೋರ್ಸ್ಟ್ ವೆಸೆಲ್ ಅಂದರೆ ಪಕ್ಷ ಹುತಾತ್ಮನೆಂದು ಮೆರೆಸುತ್ತಿದ್ದ ಆಳು. ಶ್ನೈಡರ್ ಅಲ್ಲೇ, ಗುಂಡಿಯ ಪಕ್ಕದಲ್ಲೇ, ಇದು ಚರ್ಚಿನ ಕಾರ್ಯ, ಪರಲೋಕದಲ್ಲಿ ಅಂಥ ದಳ ಯಾವುದೂ ಇಲ್ಲ ಎಂದುಬಿಟ್ಟರು. ಮುಖಂಡ ಮತ್ತೆ ಅದೇ ಮಾತು ಹೇಳಿದ. ಇವರೂ ಮತ್ತೆ ಆಕ್ಷೇಪಿಸಿದರು. ಮರುದಿನ ಪೊಲೀಸರು ಬಂದು ಕರೆದೊಯ್ದರು.

ಸತ್ತವನ ತಲೆಯ ಬಳಿ ನಿಂತು ಯಾರು ಏನು ಹೇಳಬಹುದು ಎಂಬಷ್ಟೇ ಜಗಳ. ಎಷ್ಟು ಸಣ್ಣದು! ಮಣ್ಣಿಗೆ ಬಂದ ಜನರಲ್ಲಿ ಅನೇಕರಿಗೆ, ಹೋಗಲಿ ಬಿಡಿ ಪಾದ್ರಿಗಳೇ, ಸಾವಿನ ಮನೆಯಲ್ಲಿ ಯಾಕೆ, ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಮುಖಂಡನಿಗೆ ಅದು ಸಣ್ಣದಾಗಿರಲಿಲ್ಲ. ಬದುಕಿರುವವರ ಮೇಲಿನ ಅಧಿಕಾರ ಸಾಲದೆ ಸತ್ತವರ ಮೇಲೂ ಅವನಿಗೆ ಹಕ್ಕು ಬೇಕಿತ್ತು. ಪಾದ್ರಿಗೆ ಅದು ಅರ್ಥವಾಗಿತ್ತು.

ಜಗಳೂರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಈ ಮಣ್ಣಿನ ಕಥೆಯೇ ತಲೆಯಲ್ಲಿತ್ತು. ಧರ್ಮ ಮಠದ ಗೋಡೆ ದಾಟಿ ಬಯಲಿಗೆ ಬಂದ ಊರು ಇದು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು 1950ರಲ್ಲಿ ಮೊದಲ ತರಳಬಾಳು ಹುಣ್ಣಿಮೆ ನಡೆಸಿದ್ದು ಇಲ್ಲೇ. ಮಳೆ ಕೈಕೊಡುವ, ಸಜ್ಜೆ, ಶೇಂಗಾ ನಂಬಿದ ತಾಲ್ಲೂಕಿನಲ್ಲಿ ಶುರುವಾದ ಆ ಹಬ್ಬ ಈಗ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತದೆ, ಮಂತ್ರಿಗಳಿಂದ ಹಿಡಿದು ಕವಿಗಳವರೆಗೆ ಎಲ್ಲರೂ ಆ ವೇದಿಕೆ ಹತ್ತುತ್ತಾರೆ. ತುಂಗಭದ್ರೆಯ ನೀರನ್ನು ಏತ ನೀರಾವರಿಯಿಂದ ಈ ತಾಲ್ಲೂಕಿನ 57 ಕೆರೆಗಳಿಗೆ ತರುವ ಯೋಜನೆಯ ಹಿಂದೆಯೂ ಸಿರಿಗೆರೆ ಮಠದ ಒತ್ತಾಸೆಯಿದೆ. ಗುರುಗಳ ಮಾತಿಗೆ ಸರ್ಕಾರ ಕಿವಿಗೊಡುವುದು ನಮ್ಮ ನಾಡಿನಲ್ಲಿ ದೊಡ್ಡ ಶಕ್ತಿ, ಅದರಿಂದ ಕೆರೆ ತುಂಬಿದರೆ ಸಂತೋಷವೇ. ನನಗೆ ಕಾಡುವುದು ಅದರಾಚೆಯ ಪ್ರಶ್ನೆ. ವೇದಿಕೆ ಹತ್ತಿದ ಅಧಿಕಾರಸ್ಥ ಹೇಳಬಾರದ್ದನ್ನು ಹೇಳಿದಾಗ ಪಕ್ಕದಲ್ಲಿ ಕೂತ ಗುರು, ಅದು ಯಾವ ಮತದ ಗುರುವೇ ಆಗಲಿ, ಮೈಕು ತೆಗೆದುಕೊಂಡು ಇಲ್ಲಿ ಆ ಮಾತು ಬೇಡ ಎನ್ನುವನೇ? ಅನ್ನದ, ನೀರಿನ, ಅನುದಾನದ ಋಣ ನಾಲಿಗೆ ಹಿಡಿಯದೆ ಇರುತ್ತದೆಯೇ?

ವಿರೋಧದ ರೂಢಿ ಜಗಳೂರಿಗೆ ಇಲ್ಲದ್ದೇನಲ್ಲ. ಇದೇ ಊರಿನ ಜೆ. ಮಹಮ್ಮದ್ ಇಮಾಂ 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದಲೂ 1967ರಲ್ಲಿ ಸ್ವತಂತ್ರ ಪಕ್ಷದಿಂದಲೂ ಚಿತ್ರದುರ್ಗ ಕ್ಷೇತ್ರ ಗೆದ್ದು ಲೋಕಸಭೆಗೆ ಹೋದವರು. ಕಾಂಗ್ರೆಸ್ ಎಂದರೆ ಸರ್ಕಾರ, ಸರ್ಕಾರ ಎಂದರೆ ಕಾಂಗ್ರೆಸ್ ಎಂದಿದ್ದ ಕಾಲದಲ್ಲಿ ಈ ಬಯಲುಸೀಮೆಯ ಒಕ್ಕಲು ಮಕ್ಕಳು ಒಬ್ಬ ಮುಸ್ಲಿಂ ನಾಯಕನನ್ನು ಎರಡು ಸಲ ಎದುರು ಸಾಲಿಗೆ ಆರಿಸಿ ಕಳಿಸಿದ್ದು ಇಂದು ನೆನೆದರೂ ಎದೆ ತುಂಬುತ್ತದೆ.

ಚನ್ನಗಿರಿಗೆ ಹೋಗಬೇಕೆಂದರೆ ದಾವಣಗೆರೆಗೆ ವಾಪಸು ಬರಲೇಬೇಕು. ಬಸ್ಸು ಬದಲಿಸುವ ನಡುವೆ ಮಂಡಕ್ಕಿ, ಮೆಣಸಿನಕಾಯಿ ತಿಂದೆ. 1934ರ ಮಾರ್ಚ್ ಮೊದಲಲ್ಲಿ ಹರಿಜನ ಪ್ರವಾಸದ ದಾರಿಯಲ್ಲಿ ಗಾಂಧೀಜಿ ದಾವಣಗೆರೆ, ಹರಿಹರಗಳಿಗೆ ಬಂದಿದ್ದರು. ಅದೇ ವರ್ಷದ ಅಕ್ಟೋಬರ್ 17ರಂದು ಲಂಡನ್ನಿನಲ್ಲಿದ್ದ 28 ವರ್ಷದ ಜರ್ಮನ್ ಪಾದ್ರಿಯೊಬ್ಬ ಗಾಂಧೀಜಿಗೆ ಕಾಗದ ಬರೆದ. ಹೆಸರು ಡೀಟ್ರಿಚ್ ಬಾನ್‌ಹೋಫರ್. ಆಯುಧವಿಲ್ಲದೆ ದುಷ್ಟ ಪ್ರಭುತ್ವವನ್ನು ಎದುರಿಸುವ ದಾರಿ ಗಾಂಧಿಗೆ ಗೊತ್ತು, ಅವರ ಆಶ್ರಮದಲ್ಲಿದ್ದು ಕಲಿಯಬೇಕು ಎಂಬುದು ಆತನ ಹಂಬಲ. ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ ಕೂಡ ಅವನ ಪರವಾಗಿ ಬರೆದರು. ನವೆಂಬರ್ 1ರಂದು ಗಾಂಧೀಜಿ ಬರಹೇಳಿ ಉತ್ತರಿಸಿದರು. ಆದರೆ ಬಾನ್‌ಹೋಫರ್ ಬರಲಿಲ್ಲ. ಹಿಟ್ಲರನಿಗೆ ಮಣಿಯದ ಪಾದ್ರಿಗಳು ಕಟ್ಟಿಕೊಂಡಿದ್ದ ಸಭೆ, ಎಳೆಯ ಪಾದ್ರಿಗಳಿಗೆ ಪಾಠ ಹೇಳಲು ಫಿಂಕನ್‌ವಾಲ್ಡೆಗೆ ಕರೆಯಿತು. ಆ ಶಾಲೆಯನ್ನು 1937ರಲ್ಲಿ ಗೆಸ್ಟಾಪೊ ಮುಚ್ಚಿಸಿತು.

ಕನ್ನಡಿಗರಿಗೆ ಆ ಹೋರಾಟದೊಂದಿಗೆ ಇನ್ನೊಂದು ಎಳೆಯ ನಂಟೂ ಇದೆ. ಕಿಟೆಲ್ಲರನ್ನು ನಮಗೆ ಕೊಟ್ಟ ಬಾಸೆಲ್ ಮಿಶನ್ನಿಗೆ 1936ರಿಂದ ಅಧ್ಯಕ್ಷರಾಗಿದ್ದ ಸ್ವಿಸ್ ಪಾದ್ರಿ ಆಲ್ಫೋನ್ಸ್ ಕೆಕ್ಲಿನ್, ಜರ್ಮನಿಯ ಚರ್ಚುಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಹಿಟ್ಲರ್ ಗದ್ದುಗೆಗೆ ಬಂದ 1933ರಿಂದಲೇ ಬಿಷಪ್ ಬೆಲ್ ಅವರಿಗೆ ಬರೆದು ತಿಳಿಸುತ್ತಾ ಬಂದವರು. ಹೊರಗಿನ ಜಗತ್ತಿಗೆ ಸುದ್ದಿ ಮುಟ್ಟಿಸುವುದೂ ಆ ಕಾಲದಲ್ಲಿ ಹೋರಾಟವೇ ಆಗಿತ್ತು.

ಸಂತೇಬೆನ್ನೂರು ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಜೋಳದ ಹೊಲ ಹಿಂದೆ ಸರಿದು ಎರಡೂ ಕಡೆ ಅಡಿಕೆ ತೋಟ. ಚನ್ನಗಿರಿ ತಾಲ್ಲೂಕಿನಲ್ಲಿ ಈ ಹೊತ್ತಿಗೆ ಕೊಯ್ಲಿನ ಭರಾಟೆ. ಕಾರಿಗನೂರಿನ ಕಡೆಯ ಒಂದು ಮನೆಯ ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಹಸಿ ಅಡಿಕೆ ಬೇಯುತ್ತಿತ್ತು. ಚೊಗರಿನ ಒಗರು ವಾಸನೆ ಮೂಗಿಗೆ ಅಡರುತ್ತಿತ್ತು. ಬೇಯಿಸುತ್ತಿದ್ದ ಹುಡುಗನ ಬೆರಳ ಸಂದಿ, ಉಗುರು, ಅಂಗೈಯ ಗೆರೆಗಳೆಲ್ಲ ಕಡುಕೆಂಪು. ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜನಿಗೆ ಎಂಬತ್ತು ದಾಟಿರಬೇಕು. ಈ ಊರು ನೋಡಲು ಬಂದೆ ಎಂದಾಗ ಅವರಿಗೆ ಅರ್ಥವಾಯಿತು. ಕಾರಿಗನೂರು ಜೆ.ಎಚ್. ಪಟೇಲರ ಊರು.

ಪಟೇಲರು ಲೋಹಿಯಾ ಶಿಷ್ಯರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರು. ಮುಂದೆ ಮುಖ್ಯಮಂತ್ರಿಯಾದರು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗಿ, ಚಿತ್ರದುರ್ಗದಿಂದ ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಒಂದೇ ನಕ್ಷೆಗೆ ಬಂದದ್ದು ಅವರ ಆಳ್ವಿಕೆಯಲ್ಲೇ. ನಾನು ಕೇಳಬೇಕೆಂದಿದ್ದದ್ದು ಅದಕ್ಕೂ ಹಿಂದಿನ ಮಾತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಪಟೇಲರೂ ಜೈಲು ಸೇರಿದರು.

"ಆಗ ಊರಾಗೆ ಜನ ಏನಂದ್ರು ಅಜ್ಜಾರೇ?"

"ಏನಂತಾರೆ ತಮ್ಮಾ. ಬಾಯಿ ಬಿಟ್ರೆ ನಮ್ಮನ್ನೂ ಹಿಡ್ಕಂಡು ಹೋಗ್ತಾರೆ ಅಂತ ಅಂಜಿಕೆ." ಸ್ವಲ್ಪ ಹೊತ್ತು ಒಲೆ ನೋಡಿದರು. "ಆದ್ರೆ ಅದೇ ಕಾಲದಾಗೆ ನಮ್ಮಪ್ಪನ ಗೇಣಿ ಹೊಲ ನಮ್ಮ ಹೆಸರಿಗೆ ಬಂತಲ್ಲ. ಯಾರನ್ನ ಬೈಯೋಣ, ಯಾರನ್ನ ಹೊಗಳೋಣ?"

ಈ ಮಾತನ್ನು ತಳ್ಳಿಹಾಕುವಂತಿಲ್ಲ. 1974ರಲ್ಲಿ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆ ಕಾನೂನಿನಿಂದ ಗೇಣಿದಾರರು ಹೊಲದೊಡೆಯರಾದರು. 1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಮನೆಗೆ ಕಳಿಸಿದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತು. ನಮ್ಮ ನಾಡು ತುರ್ತು ಪರಿಸ್ಥಿತಿಗೆ ಮುದ್ರೆ ಒತ್ತಿತು ಎಂದು ಇದನ್ನು ಬೈಯುವವರಿದ್ದಾರೆ. ಹೊಲ ಸಿಕ್ಕವನ ಕೃತಜ್ಞತೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಜರ್ಮನಿಯಲ್ಲೂ ನಿರುದ್ಯೋಗಿಗೆ ಕೆಲಸ ಸಿಕ್ಕಿತ್ತು, ರಸ್ತೆ ಬಂದಿತ್ತು. ಹೊಟ್ಟೆಗೆ ಕೊಟ್ಟು ನಾಲಿಗೆ ಕೇಳುವ ಪ್ರಭುತ್ವಕ್ಕೆ ಎದುರು ನಿಲ್ಲುವುದೇ ಕಷ್ಟದ ಕೆಲಸ. ಆದರೂ 1978ರಲ್ಲಿ ವಿಧಾನಸಭೆಗೆ ಮತದಾನವಾದಾಗ, ರಾಜ್ಯದಲ್ಲೆಲ್ಲ ಇಂದಿರಾ, ಅರಸು ಗಾಳಿ ಬೀಸುತ್ತಿದ್ದಾಗ, ಚನ್ನಗಿರಿ ಜೈಲಿನಿಂದ ಬಂದ ಪಟೇಲರನ್ನು ಆರಿಸಿತು. ಹೊಲವೂ ಬೇಕು, ಮಾತೂ ಬೇಕು ಎಂದು ಈ ಜನ ತೂಗಿ ಹೇಳಿದ ಹಾಗೆ ನನಗೆ ಕಾಣುತ್ತದೆ.

ನಮ್ಮ ಚರ್ಚುಗಳು ಆಗ ಏನು ಮಾಡಿದವು? ದೇಶದ ಹೆಚ್ಚಿನ ಚರ್ಚ್ ನಾಯಕರು ಒಪ್ಪಿಕೊಂಡರು, ಇಲ್ಲವೇ ಸುಮ್ಮನಿದ್ದರು. ಎದ್ದು ಮಾತಾಡಿದವರಲ್ಲಿ ಮುಖ್ಯರು ಬೆಂಗಳೂರಿನಲ್ಲಿ ಬಾಳಿದ ಎಂ.ಎಂ. ಥಾಮಸ್. ಕೇರಳದ ಮಾರ್ ತೋಮಾ ಸಭೆಯವರು. ಯೌವನದಲ್ಲಿ ಪಾದ್ರಿ ದೀಕ್ಷೆ ಕೇಳಿದರೆ ಸಭೆ ಕೊಡಲಿಲ್ಲ, ಕಮ್ಯೂನಿಸ್ಟ್ ಪಕ್ಷದ ಸದಸ್ಯತ್ವ ಕೇಳಿದರೆ ಪಕ್ಷ ಕೊಡಲಿಲ್ಲ. ಬೆಂಗಳೂರಿನಲ್ಲಿ ಪಾಲ್ ದೇವನಂದನ್ ಜೊತೆ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ 1957ರಲ್ಲಿ ಸಂಸ್ಥೆ ಕಟ್ಟಿ ಬೆಳೆಸಿದರು, 1968ರಿಂದ 1975ರವರೆಗೆ ಜಾಗತಿಕ ಚರ್ಚುಗಳ ಮಂಡಳಿಯ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದರು. ಅಂಥ ಸ್ಥಾನದಲ್ಲಿದ್ದವರು ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಮದರಾಸಿನ ಗಾರ್ಡಿಯನ್ ವಾರಪತ್ರಿಕೆಯಲ್ಲಿ ತುರ್ತು ಪರಿಸ್ಥಿತಿಯನ್ನು ಟೀಕಿಸಿ ಬರೆದರು, ತಮ್ಮ ಸಭೆಯವರ ಮೌನವನ್ನೂ ಪ್ರಶ್ನಿಸಿದರು. ಥಾಮಸ್ ದೀಕ್ಷೆ ಪಡೆದ ಪಾದ್ರಿಯಲ್ಲ, ನಿಜ. ಆ ದಿನಗಳಲ್ಲಿ ಪಾದ್ರಿಗಳು ಮಾಡಬೇಕಿದ್ದ ಕೆಲಸ ಮಾಡಿದವರು ಅವರು.

ಜರ್ಮನಿಯಲ್ಲಿ ಆದದ್ದೂ ಅದೇ. ಬಾನ್‌ಹೋಫರ್, ಶ್ನೈಡರ್ ಇಬ್ಬರೂ ಮೊದಲು ಜಗಳಕ್ಕೆ ಬಿದ್ದದ್ದು ಸ್ವಂತ ಚರ್ಚಿನೊಡನೆ. ಯಹೂದಿ ಮೂಲದ ಪಾದ್ರಿಗಳನ್ನು ಹೊರಗಿಡುವ ನಿಯಮಕ್ಕೆ 1933ರಲ್ಲಿ ಚರ್ಚೇ ತಲೆಬಾಗುತ್ತಿತ್ತು. ಹೊರಗಿನ ಹಿಟ್ಲರನಿಗಿಂತ ಮೊದಲು ತನ್ನ ಮನೆಯ ಹಿರಿಯರಿಗೆ, ತನ್ನ ಜೊತೆ ಒಂದೇ ಬಟ್ಟಲಿನಲ್ಲಿ ಪ್ರಸಾದ ತೆಗೆದುಕೊಳ್ಳುವವರಿಗೆ, ನೀವು ಮಾಡುತ್ತಿರುವುದು ತಪ್ಪು ಎನ್ನಬೇಕಾಯಿತು. ಅದಕ್ಕೆ ಬೇಕಾದ ಗಟ್ಟಿತನ ಬೇರೆಯದೇ. ಸರ್ಕಾರವನ್ನು ಬೈಯುವುದಕ್ಕೆ ಚಪ್ಪಾಳೆಯಾದರೂ ಸಿಗುತ್ತದೆ.

ಅಜ್ಜನ ಮುಂದೆ ಶ್ನೈಡರ್ ಕಥೆಯ ಉಳಿದ ಭಾಗ ಹೇಳಿದೆ. 1937ರಲ್ಲಿ ಅವರನ್ನು ರೈನ್‌ಲ್ಯಾಂಡಿನಿಂದಲೇ ಗಡಿಪಾರು ಮಾಡಿದರು. ದೇವರು ಕೊಟ್ಟ ಸಭೆಯಿಂದ ಪಾದ್ರಿಯನ್ನು ಬಿಡಿಸಲು ಸರ್ಕಾರ ಯಾರು ಎಂದು ಅವರು ಹಳ್ಳಿಗೆ ವಾಪಸು ಬಂದು ಪ್ರಸಂಗ ಮಾಡಿದರು. ಮತ್ತೆ ಬಂಧನ. ನವೆಂಬರ್‌ನಲ್ಲಿ ಬೂಖನ್‌ವಾಲ್ಡ್ ಶಿಬಿರ. 1938ರ ಏಪ್ರಿಲ್ 20, ಹಿಟ್ಲರನ ಹುಟ್ಟುಹಬ್ಬ. ಕೈದಿಗಳೆಲ್ಲ ಸ್ವಸ್ತಿಕ ಬಾವುಟಕ್ಕೆ ಟೋಪಿ ತೆಗೆಯಬೇಕು. ಶ್ನೈಡರ್ ತೆಗೆಯಲಿಲ್ಲ. ಛಡಿಯೇಟು ಬಿತ್ತು, ಆಮೇಲೆ ಕತ್ತಲೆ ಕೋಣೆಯಲ್ಲಿ ಒಂಟಿ ಸೆರೆ. ಆ ಕೋಣೆಯ ಕಿಟಕಿ ಹಾಜರಿ ಕರೆಯುವ ಮೈದಾನಕ್ಕೆ ತೆರೆದಿತ್ತು. ಕೈದಿಗಳು ಸಾಲುಗಟ್ಟಿ ನಿಂತಾಗ ಕಿಟಕಿಯ ಸರಳು ಹಿಡಿದು ಮೇಲಕ್ಕೆಳೆದುಕೊಂಡು ದೇವರ ವಾಕ್ಯವನ್ನೂ, ಅಲ್ಲಿ ನಡೆಯುತ್ತಿದ್ದ ಕೊಲೆಗಳನ್ನೂ ಕೂಗಿ ಹೇಳುತ್ತಿದ್ದರು. ಒಂದೆರಡು ವಾಕ್ಯ ಮುಗಿಯುವಷ್ಟರಲ್ಲಿ ಹೊಡೆತ ಬೀಳುತ್ತಿತ್ತು. 1939ರ ಜುಲೈ 18ರಂದು ಶಿಬಿರದ ವೈದ್ಯ ಹೃದಯದ ಔಷಧವನ್ನೇ ವಿಷವಾಗುವಷ್ಟು ಚುಚ್ಚಿ ಕೊಂದ. ಇನ್ನು ನನ್ನ ಹಳ್ಳಿಗೆ ಕಾಲಿಡುವುದಿಲ್ಲ ಎಂದು ಒಂದು ಕಾಗದಕ್ಕೆ ಸಹಿ ಹಾಕಿದ್ದರೆ ಅವರು ಬಿಡುಗಡೆಯಾಗಿ ಆರು ಮಕ್ಕಳ ನಡುವೆ ಇರಬಹುದಿತ್ತು.

"ಸಹಿ ಹಾಕ್ಲಿಲ್ವಾ?" ಅಜ್ಜ ಕೇಳಿದರು.

"ಇಲ್ಲ."

"ಹೆಂಡ್ತಿ ಏನಂದ್ಲು?"

ಹೆಂಡತಿ ಹಾಕು ಎನ್ನಲಿಲ್ಲ ಎಂದೆ. ಅವರು ಹುಡುಗನಿಗೆ ಉರಿ ಕಡಿಮೆ ಮಾಡಲು ಹೇಳಿ, ನನಗೆ ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದರು. ಊಟ ಮಾಡುವಾಗ ಸ್ನೇಹಲತಾ ರೆಡ್ಡಿಯವರ ಮಾತು ಬಂತು. ಪಟೇಲರ ಹಾಗೆ ಸಮಾಜವಾದಿ ಬಳಗದವರು, ಸಂಸ್ಕಾರ ಚಿತ್ರದಲ್ಲಿ ಚಂದ್ರಿಯಾದವರು. 1976ರ ಮೇ ತಿಂಗಳಲ್ಲಿ ಬಂಧನ, ಆಸ್ತಮಾ ಹಿಂಡುತ್ತಿದ್ದರೂ ಬೆಂಗಳೂರು ಸೆರೆಮನೆಯಲ್ಲಿ ಎಂಟು ತಿಂಗಳು. 1977ರ ಜನವರಿಯಲ್ಲಿ ಬಿಟ್ಟರು, ಬಿಟ್ಟ ಕೆಲವೇ ದಿನಕ್ಕೆ, 20ರಂದು, ತೀರಿಕೊಂಡರು. ಅಜ್ಜನ ಸೊಸೆ ಈ ಹೆಸರು ಕೇಳಿರಲಿಲ್ಲ. ಪೂರ್ತಿ ಕಥೆ ಕೇಳಿ, ನನ್ನ ತಟ್ಟೆಗೆ ಮತ್ತೆ ಅನ್ನ ಬಡಿಸುವುದನ್ನೂ ಮರೆತು ನಿಂತರು.

ಹೊನ್ನಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ತುಂಗಭದ್ರೆಯ ಸೇತುವೆ ಮೇಲೆ ನಿಂತು ಹೊಳೆ ನೋಡಿದೆ, ಹಿರೇಕಲ್ಮಠಕ್ಕೆ ಹೋಗಿಬಂದೆ. 1830–31ರ ನಗರ ಬಂಡಾಯದ ಕಣಗಳಲ್ಲಿ ಈ ಊರೂ ಒಂದು. ಇಷ್ಟು ಕಂದಾಯ ಕಟ್ಟಿಸಿಯೇ ತೀರುತ್ತೇನೆಂದು ಅಮಲ್ದಾರರಿಂದ ಶರತ್ತು ಬರೆಸಿಕೊಳ್ಳುತ್ತಿದ್ದ ಕಾಲ ಅದು. ರೈತರು ಊರೂರಲ್ಲಿ ಕೂಟ ಸೇರಿದರು, ಕೊಡುವುದಿಲ್ಲ ಎಂದರು. ಸೈನ್ಯ ಬಂತು, ನೇಣುಗಳಾದವು. ಕೊನೆಗೆ 1831ರಲ್ಲಿ ಮೈಸೂರಿನ ಆಡಳಿತವನ್ನೇ ಬ್ರಿಟಿಷರು ಕೈಗೆ ತೆಗೆದುಕೊಂಡರು. ದುರಾಡಳಿತದ ವಿರುದ್ಧ ಎದ್ದವರಿಗೆ ಸಿಕ್ಕಿದ್ದು ಇನ್ನೂ ದೊಡ್ಡ ದೊರೆ.

ನ್ಯಾಮತಿ ಮೊದಲು ಹೊನ್ನಾಳಿಗೆ ಸೇರಿತ್ತು, ಈಗ ತಾನೇ ತಾಲ್ಲೂಕು. ಲಂಬಾಣಿಗರ ಗುರು ಸೇವಾಲಾಲರ ಸೂರಗೊಂಡನಕೊಪ್ಪ ಇದೇ ತಾಲ್ಲೂಕಿನದು. ಅಲ್ಲಿಂದ ಸವಳಂಗಕ್ಕೆ ಬಂದೆ. ಶಿಕಾರಿಪುರದ ದಾರಿ ಹಿಡಿದರೆ ಮುಂದೆ ಈಸೂರಿನ ಸೀಮೆ. ನಾಲ್ಕು ತಾಲ್ಲೂಕಿನ ಗಡಿ ಅಲ್ಲಿಗೆ ಮುಗಿಯುತ್ತದೆ, ನನ್ನ ಪ್ರಶ್ನೆ ಮಾತ್ರ ಅಲ್ಲಿ ಬಂದು ಬಿಗಿಯಾಯಿತು.

ಟೀ ಅಂಗಡಿಯ ಬೆಂಚಿನಲ್ಲಿ ಜೊತೆಯಾದವರು ನಿವೃತ್ತ ಮೇಷ್ಟ್ರು. ಈಸೂರಿನ ಕಥೆ ಅವರಿಗೆ ಬಾಯಿಪಾಠ. 1942ರ ಸೆಪ್ಟೆಂಬರ್ ಕೊನೆಯಲ್ಲಿ ಆ ಹಳ್ಳಿ ತಾನು ಸ್ವತಂತ್ರ ಎಂದು ಸಾರಿತು, ಚಿಕ್ಕ ಹುಡುಗರನ್ನು ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. ಸರ್ಕಾರದ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಬಂದಾಗ ಜಗಳ ಹತ್ತಿ, ಅವರಿಬ್ಬರೂ ಜನರ ಕೈಯಲ್ಲಿ ಸತ್ತರು. ಸೈನ್ಯ ನುಗ್ಗಿ ಊರನ್ನು ಲೂಟಿ ಮಾಡಿತು. 1943ರ ಮಾರ್ಚ್‌ನಲ್ಲಿ ಐವರಿಗೆ ನೇಣಾಯಿತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂದು ಮೇಷ್ಟ್ರು ಹೆಸರು ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು.

ಅದೇ ಮಾರ್ಚ್‌ನ ಬೆನ್ನಿಗೆ, ಏಪ್ರಿಲ್ 5ರಂದು, ಬರ್ಲಿನ್ನಿನಲ್ಲಿ ಬಾನ್‌ಹೋಫರ್ ಬಂಧನವಾಯಿತು ಎಂದು ನಾನು ಹೇಳಿದೆ. ಗಾಂಧಿಯ ಬಳಿ ಅಹಿಂಸೆ ಕಲಿಯಲು ಹಂಬಲಿಸಿದ ಆ ಪಾದ್ರಿ, 1939ರಲ್ಲಿ ಅಮೆರಿಕೆಯಲ್ಲಿ ಕ್ಷೇಮವಾಗಿ ಉಳಿಯಬಹುದಾಗಿದ್ದರೂ ವಾಪಸು ಬಂದು, ಹಿಟ್ಲರನನ್ನು ಕೊಲ್ಲಲು ಹೊಂಚುತ್ತಿದ್ದವರ ಜೊತೆ ಸೇರಿದ್ದರು. 1945ರ ಏಪ್ರಿಲ್ 9ರಂದು, ಯುದ್ಧ ಮುಗಿಯಲು ಒಂದು ತಿಂಗಳಿರುವಾಗ, ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ನೇಣಿಗೆ ಹಾಕಿದರು.

"ಅಂದ್ರೆ ಪಾದ್ರಿಯೂ ಕೊಲೆ ಒಪ್ಪಿದ್ರು," ಎಂದರು ಮೇಷ್ಟ್ರು. "ನಮ್ಮಲ್ಲೂ ಹಂಗೇ ಅಲ್ವಾ. ಹರಳಯ್ಯ, ಮಧುವರಸರನ್ನ ಆನೆ ಕಾಲಿಗೆ ಕಟ್ಟಿ ಎಳೆಸಿದ ಬಿಜ್ಜಳನ್ನ ಜಗದೇವ, ಮಲ್ಲಿಬೊಮ್ಮರು ಮುಗಿಸಿದ್ರು ಅಂತಾರೆ. ದಯವೇ ಧರ್ಮ ಅಂದವರ ಕಡೆಯವರೇ."

ಹೌದು, ಆದರೆ ಒಂದು ವ್ಯತ್ಯಾಸವಿದೆ ಎಂದೆ. ಬಾನ್‌ಹೋಫರ್ ಆ ಸಂಚನ್ನು ಪುಣ್ಯಕಾರ್ಯ ಎನ್ನಲಿಲ್ಲ, ಧರ್ಮಯುದ್ಧ ಎನ್ನಲಿಲ್ಲ. ಕೊಲ್ಲುವುದು ಪಾಪ, ಸುಮ್ಮನಿರುವುದೂ ಪಾಪ, ಬೇರೆಯವರಿಗಾಗಿ ಈ ಪಾಪವನ್ನು ನಾನು ಹೊರುತ್ತೇನೆ, ತೀರ್ಪು ದೇವರದು ಎಂಬ ನಿಲುವು ಅವರದು. ಕೈ ತೊಳೆದುಕೊಳ್ಳಲು ಧರ್ಮಗ್ರಂಥವನ್ನು ನೀರಿನಂತೆ ಬಳಸಲಿಲ್ಲ. ಸರ್ವಾಧಿಕಾರಿಗೂ ಅವನನ್ನು ಎದುರಿಸುವವನಿಗೂ ಇರುವ ಅಂತರ ಅಲ್ಲೇ ಇದೆ ಎಂದು ನಾನು ನಂಬುತ್ತೇನೆ. ಈಸೂರಿನ ಐವರ ಮುಂದೆ ನನ್ನ ತಲೆ ತಾನಾಗಿ ಬಾಗುತ್ತದೆ. ಹಾಗೆ ಬಾಗಿದಾಗ ಅಂದು ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡದವರೇ, ಮನೆಮಠ ಇದ್ದವರೇ ಎಂಬುದನ್ನು ಮರೆಯಲು ನನ್ನಿಂದ ಆಗುವುದಿಲ್ಲ.

ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. "ಊರು ಲೂಟಿ ಮಾಡಿದವರು ಯಾರ ಹತ್ರ ತಪ್ಪು ಒಪ್ಕಂಡ್ರು ಸಾರ್? ಪಾಪ ಪುಣ್ಯದ ಲೆಕ್ಕ ಯಾವಾಗಲೂ ನಮ್ಮ ಕಡೆಗೇ ಯಾಕೆ?" ಎಂದು ಕೇಳಿದರು. ಯಾರೂ ಒಪ್ಪಿಕೊಳ್ಳಲಿಲ್ಲ, ನಿಮ್ಮ ಸಿಟ್ಟು ಸರಿಯೇ, ಬಾನ್‌ಹೋಫರ್ ಆ ಅಳತೆಯನ್ನು ಶತ್ರುವಿಗೆ ಹಿಡಿಯಲಿಲ್ಲ, ತನಗೆ ಹಿಡಿದುಕೊಂಡರು ಎಂದೆ.

"ಅದು ಗುರುಗಳಿಗಾಯ್ತು. ಹೊಲ ಉಳೋ ರೈತರು ಏನು ಮಾಡಬೇಕು?"

"ಡಿಕನ್‌ಶೀಡಿನವರೂ ಹೊಲ ಉಳುವವರೇ ಮೇಷ್ಟ್ರೇ. ಶ್ನೈಡರ್ ಹೆಣವನ್ನು ಹೆಂಡತಿ ಬೂಖನ್‌ವಾಲ್ಡಿನಿಂದ ಹಳ್ಳಿಗೆ ತಂದರು. ಗೆಸ್ಟಾಪೊದವರು ಬಂದು ನೋಡುತ್ತಾ ನಿಂತಿದ್ದರು. ಆದರೂ ಜನ ಮಣ್ಣಿಗೆ ಬಂದರು."

"ಎಷ್ಟು ಜನ?"

"ನೂರಾರು. ಬೇರೆ ಬೇರೆ ಊರಿನ ಪಾದ್ರಿಗಳೇ ಇನ್ನೂರರಷ್ಟು."

"ಮುಂಚೆ, ಆ ಮನುಷ್ಯ ಒಬ್ಬನೇ ಕೂಗೋವಾಗ ಆ ಇನ್ನೂರು ಜನ ಎಲ್ಲಿದ್ರು?" ಎಂದು ಮೇಷ್ಟ್ರು ಕೇಳಿದರು. ಶಿಕಾರಿಪುರದ ಬಸ್ಸು ಬಂದು ನಿಂತಿತು. ನಾವಿಬ್ಬರೂ ಅದೇ ಬಸ್ಸಿಗೆ ಹತ್ತಿ, ಈಸೂರಿನ ತನಕ ಆ ಮಾತನ್ನೇ ಮುಂದುವರಿಸಿದೆವು.